ಹೆಣ್ಣು ನೋಡಲು ಬಂದವರಿಗೆ ಪ್ಲಮ್ ಪುಡಿಂಗ್ ಟೀ

ಚಿಂತಾಮಣಿಯ ಮುನಿನಾರಾಯಣಪ್ಪನವರ ಮನೆಯಲ್ಲಿ ಹೆಣ್ಣು ನೋಡುವ ದಿನ ಕೇಸರಿಬಾತು, ಬಜ್ಜಿ ಮಾಡಬಾರದೆಂದು ತೀರ್ಮಾನ ಮಾಡಿದವಳು ಅವರ ತಂಗಿ ಮುನಿಲಕ್ಷ್ಮಿ. ಬೆಂಗಳೂರಿನ ಸಂಜಯನಗರದಲ್ಲಿ ಸಂಸಾರ ಹೂಡಿದ ಮೇಲೆ ಈಕೆ ತನ್ನ ಹೆಸರಿನ ಮುಂದಿದ್ದ ಮುನಿಯನ್ನು ಚಿಂತಾಮಣಿಯಲ್ಲೇ ಬಿಟ್ಟು ಬರೀ ಲಕ್ಷ್ಮಿಯಾಗಿದ್ದಳು. ಅಣ್ಣನ ಮಗಳು ರಾಧಾಮಣಿಗೆ ಗಂಡು ಹುಡುಕುವ ಹೊಣೆಯನ್ನು ಯಾರೂ ಕೊಡದಿದ್ದರೂ ತಾನೇ ಹೊತ್ತುಕೊಂಡು, ದಿನಾ ಫೋನು ಮಾಡಿ ಎಲ್ಲರ ತಲೆ ತಿನ್ನುತ್ತಿದ್ದಳು.

ಗಂಡಿನ ಹೆಸರು ಮಧುಕುಮಾರ್. ಗೌರಿಬಿದನೂರಿನ ರಾಮಾಂಜಿನಪ್ಪನವರ ಮಗ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ವರ್ಷವೇ ಅದರ ಹತ್ತಿರದ ದೊಡ್ಡ ಹೋಟೆಲೊಂದರಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿ ಸೇರಿದ್ದ. ಆ ಹೋಟೆಲಿನಲ್ಲಿ ನೀರಿಗೂ ಬೇರೆ ಬೇರೆ ಹೆಸರಿರುತ್ತದೆ ಎಂದು ಮುನಿಲಕ್ಷ್ಮಿ ಭಯಭಕ್ತಿಯಿಂದ ಹೇಳುತ್ತಿದ್ದಳು.

"ಹುಡುಗ ಹೋಟೆಲ್ ಲೈನಿನಲ್ಲಿದಾನೆ. ಅವನ ಮುಂದೆ ತಟ್ಟೇಲಿ ಕೇಸರಿಬಾತು ತಟ್ಟಿಟ್ರೆ ನಮ್ಮನ್ನ ಏನಂದ್ಕೋತಾನೆ ಅತ್ತಿಗೆ?" ಎಂದು ಅವಳು ರಾಧಾಮಣಿಯ ತಾಯಿ ಸುಬ್ಬಲಕ್ಷ್ಮಮ್ಮನನ್ನು ಕೇಳಿದಳು.

"ತಿಂತಾನೆ ಅಂದ್ಕೋತೀನಿ" ಎಂದರು ಸುಬ್ಬಲಕ್ಷ್ಮಮ್ಮ.

ಮುನಿಲಕ್ಷ್ಮಿ ಅದನ್ನು ಕೇಳಿಸಿಕೊಳ್ಳದೆ ತನ್ನ ಬ್ಯಾಗಿನಿಂದ ರೇಷ್ಮೆ ಬಟ್ಟೆ ಹೊದಿಸಿದ ಪೆಟ್ಟಿಗೆಯೊಂದನ್ನು ತೆಗೆದಳು. ಒಳಗೆ ಸಾಲಾಗಿ ನಾಲ್ಕು ಡಬ್ಬಿ. ಬೆಂಗಳೂರಿನ ಮಾಲ್‌ನಲ್ಲಿ ಕೊಂಡದ್ದಂತೆ. ಒಂದರ ಮೇಲೆ ಚಾಕೊಲೇಟ್ ಕೇಕ್, ಇನ್ನೊಂದರ ಮೇಲೆ ಆಪಲ್ ಪೈ, ಮತ್ತೊಂದರ ಮೇಲೆ ಗುಲಾಬ್ ಜಾಮೂನ್, ಕೊನೆಯದರ ಮೇಲೆ ಪ್ಲಮ್ ಪುಡಿಂಗ್ ಎಂದು ಬರೆದಿತ್ತು. ಒಳಗಿದ್ದದ್ದು ಕೇಕೂ ಅಲ್ಲ, ಜಾಮೂನೂ ಅಲ್ಲ, ಟೀ ಎಲೆ. ಪುಡಿಯಲ್ಲ, ಉದ್ದುದ್ದ ಸುರುಳಿ ಎಲೆ. ಅದರ ನಡುವೆ ಒಣಗಿದ ಗುಲಾಬಿ ದಳ, ಕೊಬ್ಬರಿ ತುರಿ, ಯಾವುದೋ ಹಣ್ಣಿನ ಸಿಪ್ಪೆ.

ಮುನಿನಾರಾಯಣಪ್ಪ ಒಂದು ಡಬ್ಬಿಗೆ ಮೂಗಿಟ್ಟು ನೋಡಿದರು. "ಇದೇನಮ್ಮ, ಹಸು ಮುಂದೆ ಇಟ್ರೆ ಹಸು ಬ್ಯಾಡ ಅನ್ನಲ್ಲ, ಹಂಗೈತೆ."

"ಡೆಸರ್ಟ್ ಟೀ ಅಣ್ಣ. ಸಿಹಿ ತಿಂದಂಗೂ ಆಗಬೇಕು, ತಿಂದಿರಬಾರದು. ಈಗ ದೊಡ್ಡೋರ ಮನೇಲೆಲ್ಲ ಇದೇ. ಹಾಲು ಹಾಕಂಗಿಲ್ಲ, ಸಕ್ಕರೆ ಹಾಕಂಗಿಲ್ಲ, ಕುದಿಸಂಗಿಲ್ಲ. ಸುಮ್ನೆ ಬಿಸಿನೀರಲ್ಲಿ ನೆನೆಯೋಕೆ ಬಿಡಬೇಕು."

ರಾಧಾಮಣಿ ಬಾಗಿಲಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. ಅವಳು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಡಂ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮದುವೆ ಬೇಡವೆಂದೇನೂ ಅವಳಿಗಿರಲಿಲ್ಲ. ಮಧುಕುಮಾರನ ಫೋಟೋ ನೋಡಿ, ಹುಡುಗ ಲಕ್ಷಣವಾಗಿದ್ದಾನೆ ಎಂದು ಒಳಗೊಳಗೇ ಒಪ್ಪಿಕೊಂಡೂ ಇದ್ದಳು. ಅತ್ತೆಯ ಡಬ್ಬಿಗಳನ್ನು ನೋಡಿ ನಗು ಬಂದರೂ, ಒಂದು ಬೆಳಗ್ಗೆಯ ಮಟ್ಟಿಗೆ ಸಹಿಸಿಕೊಂಡರಾಯಿತು ಎಂದುಕೊಂಡಳು.

ಭಾನುವಾರ ಬೆಳಗ್ಗೆ ಗಂಡಿನ ಕಡೆಯವರು ಟಾಟಾ ಸುಮೋದಲ್ಲಿ ಬಂದಿಳಿದರು. ರಾಮಾಂಜಿನಪ್ಪ, ಮಧುಕುಮಾರ್, ಅವನ ಅಜ್ಜಿ ಕೊಂಡಮ್ಮ, ಜೊತೆಗೆ ಕುಶಲ ಕೇಳುವುದಕ್ಕೆಂದೇ ಬಂದಿದ್ದ ಒಂದಿಬ್ಬರು ನೆಂಟರು. ಎಲ್ಲರೂ ದಾರಿಯಲ್ಲಿ ಏನೂ ತಿನ್ನದೆ, ಹೆಣ್ಣಿನ ಮನೆಯ ತಿಂಡಿಗೆ ಹೊಟ್ಟೆ ಖಾಲಿ ಇಟ್ಟುಕೊಂಡೇ ಬಂದಿದ್ದರು. ಅಡುಗೆಮನೆಯ ಕಡೆಯಿಂದ ತುಪ್ಪದ ವಾಸನೆ ಬರುತ್ತಿಲ್ಲವೆಂದು ಮೊದಲು ಗಮನಿಸಿದವಳು ಕೊಂಡಮ್ಮ. ಅವಳ ಮುಖ ಅಲ್ಲೇ ಸ್ವಲ್ಪ ಇಳಿಯಿತು.

ರಾಧಾಮಣಿ ಟ್ರೇ ಹಿಡಿದು ಬಂದಳು. ಹೊಸದಾಗಿ ತಂದ ಗಾಜಿನ ಕಪ್ಪುಗಳಲ್ಲಿ ಕಂದು ಬಣ್ಣದ ನೀರು. ಮುನಿಲಕ್ಷ್ಮಿ ನಡುಮನೆಯ ಮಧ್ಯೆ ನಿಂತು ಹೇಳಿದಳು: "ಇದು ಚಾಕೊಲೇಟ್ ಕೇಕ್. ಒಂದೇ ಸಲ ನುಂಗಬೇಡಿ. ನಾಲಿಗೆ ಮೇಲೆ ಹರಡ್ಕೊಳ್ಳಿ."

ರಾಮಾಂಜಿನಪ್ಪ ಹೇಳಿದಂತೆ ಮಾಡಿದರು. ಹಲ್ಲುಜ್ಜಿದ ಮೇಲೆ ಬಾಯಿ ಮುಕ್ಕಳಿಸುವ ಹಾಗೆ ಎಡಕ್ಕೂ ಬಲಕ್ಕೂ ಆಡಿಸಿ, ಉಗುಳಲು ಜಾಗ ಹುಡುಕಿ, ಬೇರೆ ದಾರಿ ಕಾಣದೆ ನುಂಗಿದರು.

"ಕೇಕು ಯಾವಾಗ ಕೊಡ್ತಾರಂತೆ?" ಎಂದು ಕೊಂಡಮ್ಮ ಪಕ್ಕದವರನ್ನು ಕೇಳಿದಳು.

"ಕೊಟ್ಟಾಯ್ತಲ್ಲ ಅಜ್ಜಿ" ಎಂದಳು ಮುನಿಲಕ್ಷ್ಮಿ.

"ಎಲ್ಲಿ?"

"ಕುಡಿದ್ರಲ್ಲ, ಅದೇ."

ಕೊಂಡಮ್ಮ ಖಾಲಿ ಕಪ್ಪನ್ನು ಬಗ್ಗಿಸಿ ನೋಡಿದಳು. "ದೇವುಡಾ" ಎಂದು ತೆಲುಗಿನಲ್ಲಿ ನಿಟ್ಟುಸಿರುಬಿಟ್ಟಳು. ಡಾಕ್ಟರು ಅವಳಿಗೆ ಸಿಹಿ ನಿಲ್ಲಿಸಿದ್ದರು. ಬೇರೆಯವರ ಮನೆಯಲ್ಲಿ ಮರ್ಯಾದೆಗೆ ಬೇಡ ಎನ್ನಲಾಗದೆ ತಿನ್ನುವ ಸಿಹಿ ಒಂದೇ ಅವಳ ಪಾಲಿಗೆ ಉಳಿದಿದ್ದದ್ದು.

ಒಳಗೆ ರಾಧಾಮಣಿಯೂ ಒಂದು ಗುಟುಕು ಕುಡಿದು ನೋಡಿದ್ದಳು. ಅವಳಿಗೆ ಬಂದದ್ದು ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿರುವ ಸೆಂಟು ರಬ್ಬರಿನ ವಾಸನೆ. ರುಚಿಯಂತೂ ಬಿಸಿನೀರಿನದ್ದೇ, ಕೊನೆಯಲ್ಲಿ ತುಸು ಒಗರು.

ಮಧುಕುಮಾರ್ ಮಾತ್ರ ಕಣ್ಣು ಮುಚ್ಚಿಕೊಂಡು ಕುಡಿದ. "ಮೊದಲು ಕೋಕೋ ಬರುತ್ತೆ" ಎಂದ ಮೆಲ್ಲಗೆ. "ಆಮೇಲೆ ಬೆಣ್ಣೆ. ಲಾಸ್ಟಲ್ಲಿ ಕೇಕ್ ತಳ ಸ್ವಲ್ಪ ಸೀದಿರುತ್ತಲ್ಲ, ಅದು."

ಆಮೇಲೆ ರಾಮಾಂಜಿನಪ್ಪ ಗಂಟಲು ಸರಿಮಾಡಿಕೊಂಡು, "ಹೌದು, ಬೆಣ್ಣೆ ಬಂತು" ಎಂದರು. ನೆಂಟರಿಗೂ ಬಂತು. ಮುನಿನಾರಾಯಣಪ್ಪನವರು ಗಂಡಿನ ಕಡೆಯವರಿಗೆಲ್ಲ ಬಂದದ್ದು ತಮಗೆ ಬರದಿದ್ದರೆ ಚೆನ್ನಾಗಿರುವುದಿಲ್ಲವೆಂದು, "ನಂಗೂ ಈಗ ಬಂತು ನೋಡಿ" ಎಂದು ಸೇರಿಸಿದರು.

ಆಪಲ್ ಪೈ ಬಂದಾಗ ಎಲ್ಲರೂ ಪಳಗಿದ್ದರು. ಒಬ್ಬರು ಸೇಬಿನ ಸಿಪ್ಪೆ ಎಂದರು, ಇನ್ನೊಬ್ಬರು ತಿರುಳು ಎಂದರು. ಗುಲಾಬ್ ಜಾಮೂನು ಊದುಬತ್ತಿ ನೆನೆಸಿದ ನೀರಿನಂತಿತ್ತು. ಮಧುಕುಮಾರ್ ಅದರಲ್ಲಿ ಪಾಕ ಒಂದೆಳೆಯೋ ಎರಡೆಳೆಯೋ ಎಂದು ಯೋಚಿಸಿ, ಒಂದೂವರೆ ಎಂದು ತೀರ್ಪು ಕೊಟ್ಟ. ಮುನಿಲಕ್ಷ್ಮಿ ಹೆಮ್ಮೆಯಿಂದ ಅಣ್ಣನ ಕಡೆ ನೋಡಿದಳು. ಇಂಥ ಹುಡುಗನನ್ನು ಬೇರೆ ಯಾರು ಹುಡುಕಿಕೊಡುತ್ತಿದ್ದರು ಎಂಬಂತಿತ್ತು ಆ ನೋಟ.

ಎಡವಟ್ಟಾದದ್ದು ಪ್ಲಮ್ ಪುಡಿಂಗ್ ಸರದಿಯಲ್ಲಿ. ಆ ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂತಿತ್ತು. ರಾಧಾಮಣಿ ಚಮಚದ ಹಿಡಿ ಸಿಕ್ಕಿಸಿ ಮೀಟಿದಳು. ಮುಚ್ಚಳ ಹಾರಿತು, ಡಬ್ಬಿ ಕೈಯಿಂದ ಜಾರಿ ಸಿಂಕಿನೊಳಗೆ, ನೆನೆಹಾಕಿದ್ದ ಪಾತ್ರೆಗಳ ನಡುವೆ ಮಗುಚಿಕೊಂಡಿತು. ಎಲೆಯೆಲ್ಲ ಎಂಜಲು ನೀರಿನ ಮೇಲೆ ತೇಲತೊಡಗಿತು. ಹೊರಗಿನಿಂದ ಅತ್ತೆಯ ದನಿ ಕೇಳಿಸುತ್ತಿತ್ತು: "ಈಗ ಬರೋದು ಎಲ್ಲಕ್ಕಿಂತ ಕಾಸ್ಟ್ಲಿ."

ರಾಧಾಮಣಿ ತಾಯಿಯ ಮುಖ ನೋಡಿದಳು. ಸುಬ್ಬಲಕ್ಷ್ಮಮ್ಮ ಗೂಡಿನಿಂದ ದಿನಬಳಕೆಯ ಟೀ ಪುಡಿ ಡಬ್ಬ ತೆಗೆದು ಮಗಳ ಮುಂದಿಟ್ಟರು.

"ಇದನ್ನೇ ಹಾಕಿ ಸೋಸು."

"ಗೊತ್ತಾಗುತ್ತೆ ಕಣಮ್ಮ. ಅವರು ಹೋಟೆಲ್ ಲೈನಿನೋರು."

"ಗೊತ್ತಾದ್ರೆ ಚೆಲ್ಲೋಯ್ತು ಅಂತ ಹೇಳಣ. ಅದರಲ್ಲೇನು ನಾಚಿಕೆ? ಬರೀ ಕೈಯಲ್ಲಿ ಹೋಗ್ತೀಯಾ ಈಗ?"

ಪುಡಿ ಹಾಕಿ, ಬಟ್ಟೆಯಲ್ಲಿ ಸೋಸಿ, ಕಪ್ಪುಗಳಿಗೆ ಬಗ್ಗಿಸಿ ರಾಧಾಮಣಿ ಹೊರಗೆ ಬಂದಳು. ಚೆಲ್ಲಿದ್ದನ್ನು ತಾನೇ ಹೇಳಿಬಿಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಧುಕುಮಾರ್ ಕಪ್ಪನ್ನು ಮೂಗಿನ ಹತ್ತಿರ ಹಿಡಿದಿದ್ದ.

"ಆಹಾ" ಎಂದ. "ಇದು ನೋಡಿ ಟೀ ಅಂದ್ರೆ. ಪ್ಲಮ್ಮು ಎಷ್ಟು ಡೀಪಾಗಿದೆ. ಸ್ವಲ್ಪ ಚಕ್ಕೆ ಇದೆ, ದ್ರಾಕ್ಷಿ ಇದೆ. ಹಣ್ಣನ್ನ ಮೊದಲೇ ರಮ್ಮಲ್ಲಿ ನೆನೆಸಿಟ್ಟಿರ್ತಾರೆ."

ರಮ್ಮು ಎಂದು ಕೇಳಿ ಕೊಂಡಮ್ಮ ಕಪ್ಪು ಕೆಳಗಿಟ್ಟಳು. ರಾಮಾಂಜಿನಪ್ಪ ತಮ್ಮದನ್ನು ಇನ್ನೊಮ್ಮೆ ಕುಡಿದು ನೋಡಿದರು.

ರಾಧಾಮಣಿ ತೆರೆದ ಬಾಯಿಯನ್ನು ಮುಚ್ಚಿದಳು. ಅಷ್ಟು ಜನರ ಎದುರು ಹೇಳಿ ಅವನಿಗೆ ಮುಜುಗರ ಮಾಡುವುದು ಬೇಡ ಎನ್ನಿಸಿತು.

ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಹಿರಿಯರು ಇಬ್ಬರನ್ನೂ ಮಹಡಿಯ ಮೇಲೆ ಕಳಿಸಿದರು. ದೂರದಲ್ಲಿ ಅಂಬಾಜಿದುರ್ಗದ ಬೆಟ್ಟ ಬಿಸಿಲಿಗೆ ಮಸುಕಾಗಿತ್ತು. ಮಧುಕುಮಾರ್ ಪ್ಯಾಂಟಿನ ಜೇಬಿಗೆ ಕೈ ಹಾಕಿಕೊಂಡು, "ಯಾವ ಟೀ ಇಷ್ಟ ಆಯ್ತು ನಿಮಗೆ?" ಎಂದು ಕೇಳಿದ.

"ನಿಜ ಹೇಳ್ಬೇಕಂದ್ರೆ ನಂಗೆ ಯಾವುದೂ ಗೊತ್ತಾಗ್ಲಿಲ್ಲ."

"ಪರವಾಗಿಲ್ಲ. ನಾಲಿಗೇನ ಟ್ರೈನ್ ಮಾಡ್ಬೇಕು. ನಮ್ಮ ಸ್ಟಾಫಿಗೆಲ್ಲ ನಾನೇ ಕಲಿಸೋದು. ನಿಮಗೂ ಕಲಿಸ್ತೀನಿ."

ಅವನ ಮಾತಿನಲ್ಲಿ ಒರಟುತನವೇನೂ ಇರಲಿಲ್ಲ. ರಾಧಾಮಣಿಗೆ ಧೈರ್ಯ ಬಂತು. ಈಗ ಹೇಳಿದರೆ ಇಬ್ಬರೂ ನಗಬಹುದು, ಮುಂದೆ ಎಷ್ಟೋ ವರ್ಷ ಇದನ್ನೇ ನೆನೆಸಿಕೊಂಡು ನಗಬಹುದು ಎಂದುಕೊಂಡಳು.

"ಒಂದು ವಿಷಯ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಕೊನೇದು ಪ್ಲಮ್ ಪುಡಿಂಗ್ ಅಲ್ಲ. ಆ ಡಬ್ಬಿ ನನ್ ಕೈಯಿಂದ ಸಿಂಕಿಗೆ ಬಿದ್ದೋಯ್ತು. ನೀವು ಕುಡಿದಿದ್ದು ನಮ್ಮನೆ ಮಾಮೂಲಿ ಟೀ ಪುಡಿ."

ಅವನು ಅಲ್ಲೇ ನಕ್ಕಿದ್ದರೆ ಅವಳು ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದಳು. ಮಧುಕುಮಾರ್ ನಕ್ಕಿದ್ದು ನಿಜ. ಆದರೆ ತಪ್ಪು ಲೆಕ್ಕ ಮಾಡಿದ ಹುಡುಗಿಯನ್ನು ನೋಡಿ ಮೇಷ್ಟ್ರು ನಗುವ ಹಾಗೆ ನಕ್ಕ.

"ಇಲ್ಲ. ಅದು ಪ್ಲಮ್ಮೇ."

"ನಾನೇ ಮಾಡಿದ್ದು ಕಣ್ರೀ."

"ಮಾಡಿರಬಹುದು. ಗಾಬರೀಲಿ ಯಾವ ಡಬ್ಬಿ ತಗೊಂಡ್ರಿ ಅಂತ ನಿಮಗೆ ಗೊತ್ತಾಗಿರಲ್ಲ. ಇಂಥ ದಿನ ಹುಡುಗೀರಿಗೆ ಟೆನ್ಷನ್ ಇರುತ್ತೆ, ಸಹಜ."

"ಎಲೆ ಇನ್ನೂ ಸಿಂಕಲ್ಲಿ ತೇಲ್ತಾ ಐತೆ. ಬಂದು ನೋಡಿ ಬೇಕಾದ್ರೆ."

"ನೋಡೋದು ಬೇಡ ರಾಧಾ. ನಾಲಿಗೆ ಹೇಳಿದ್ಮೇಲೆ ಮುಗೀತು." ಅವನು ಬೆಟ್ಟದ ಕಡೆ ತಿರುಗಿದ. "ಇಂಥ ಸಣ್ಣಪುಟ್ಟ ಕನ್‌ಫ್ಯೂಷನ್ನೆಲ್ಲ ಮದುವೆ ಆದ್ಮೇಲೆ ಸರಿಹೋಗುತ್ತೆ."

ರಾಧಾಮಣಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಒಂದು ದಿನ ತನಗೆ ಜ್ವರ ಬರುತ್ತದೆ, ಇವನು ಹಣೆಯನ್ನೂ ಮುಟ್ಟದೆ, ಜ್ವರವಿಲ್ಲ ಎನ್ನುತ್ತಾನೆ. ಹೊಟ್ಟೆ ನೋವೆಂದರೆ ಹಸಿವು ಎನ್ನುತ್ತಾನೆ. ತಾನು ಕೈಯಾರೆ ಮಾಡಿದ್ದನ್ನು, ಕಣ್ಣಾರೆ ಕಂಡದ್ದನ್ನು ಇವನು ಹೀಗೆ ನಗುನಗುತ್ತಲೇ ಅಳಿಸಿಹಾಕುತ್ತಾನೆ, ಜೊತೆಗೆ ಕಲಿಸಿಕೊಡುತ್ತೇನೆ ಎಂದು ಭರವಸೆಯನ್ನೂ ಕೊಡುತ್ತಾನೆ. ಅವಳು ಮತ್ತೆ ಮಾತಾಡಲಿಲ್ಲ. ಅವನು ಅದನ್ನು ನಾಚಿಕೆ ಎಂದು ತಿಳಿದ.

ಕೆಳಗೆ ಎರಡೂ ಕಡೆಯವರು ಆಗಲೇ ಒಪ್ಪಿಕೊಂಡಾಗಿತ್ತು. ಲಗ್ನಕ್ಕೆ ವಿದುರಾಶ್ವತ್ಥದಲ್ಲಿ ಛತ್ರ ಸಿಗುತ್ತದೆಯೇ ಎಂಬವರೆಗೂ ಮಾತು ಹೋಗಿತ್ತು. ಸುಮೋ ಬೀದಿ ತಿರುಗಿ ಮರೆಯಾಗುವವರೆಗೂ ಕಾದು, ಒಳಗೆ ಬಂದು ರಾಧಾಮಣಿ ಹೇಳಿದಳು: "ನಂಗೆ ಇದು ಬೇಡಪ್ಪ."

ಮುನಿಲಕ್ಷ್ಮಿ ಕೂತಲ್ಲಿಂದ ಎದ್ದಳು. ರಾಧಾಮಣಿ ಮಹಡಿಯ ಮೇಲೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು.

"ಸುಮ್ನಿರೇ" ಎಂದಳು ಅತ್ತೆ. "ನಾನೂ ಕುಡಿದಿಲ್ವಾ? ಅದು ಪ್ಲಮ್ಮೇ."

"ನೀವು ಪ್ಲಮ್ ಪುಡಿಂಗ್ ತಿಂದಿದೀರಾ ಅತ್ತೆ?"

"ಎಲ್ಲಾನೂ ತಿಂದೇ ತಿಳ್ಕೋಬೇಕಾ?"

ಸುಬ್ಬಲಕ್ಷ್ಮಮ್ಮ ನಾದಿನಿಯನ್ನು ಸಿಂಕಿನ ಹತ್ತಿರ ಕರೆದುಕೊಂಡು ಹೋದರು. ಖಾಲಿ ಡಬ್ಬಿ, ಉಬ್ಬಿ ಕೂತ ಎಲೆ, ತೇಲುವ ಸಿಪ್ಪೆ ಎಲ್ಲವೂ ಅಲ್ಲೇ ಇದ್ದವು. ಮುನಿಲಕ್ಷ್ಮಿ ಬಹಳ ಹೊತ್ತು ನೋಡಿದಳು. "ಅಷ್ಟೂ ಚೆಲ್ಲಿಬಿಟ್ಟಳಲ್ಲ" ಎಂದು ಸಂಕಟಪಟ್ಟಳು. ಮರುಗಳಿಗೆಗೆ ಸಾವರಿಸಿಕೊಂಡು, "ತಳದಲ್ಲಿ ಸ್ವಲ್ಪ ಉಳಿದಿರುತ್ತೆ. ಅದನ್ನ ಹಾಕಿರ್ತಾಳೆ" ಎಂದಳು. ಮುನಿನಾರಾಯಣಪ್ಪನವರು ಅಳುಕುತ್ತ, "ನಂಗೂ ಏನೋ ಹಣ್ಣು ಬಂದಂಗೇ ಆಯ್ತಮ್ಮ" ಎಂದರು. ಹೆಂಡತಿ ತಿರುಗಿ ನೋಡಿದ ಮೇಲೆ ಹಣ್ಣು ಬರುವುದು ನಿಂತಿತು.

ಸಂಜೆ ಮುನಿನಾರಾಯಣಪ್ಪನವರು ಮಗಳ ಹತ್ತಿರ ಬಂದು ಕೂತರು. "ಅವರಿಗೆ ಏನಂತ ಹೇಳ್ಲಮ್ಮ?"

"ನಾನು ಹೇಳಿದ್ದನ್ನ ಹುಡುಗ ನಂಬಲ್ಲ ಅಂತ ಹೇಳಿ."

"ಇನ್ನೂ ಮದ್ವೇನೇ ಆಗಿಲ್ಲವಲ್ಲಮ್ಮ."

"ಅದಕ್ಕೇ ಈಗ್ಲೇ ಹೇಳ್ತಿರೋದಪ್ಪ."

ಅಷ್ಟು ಹೇಳುವ ಎದೆ ಅವರಿಗಿರಲಿಲ್ಲ. ಜಾತಕ ಕೂಡಲಿಲ್ಲವೆಂದು ಫೋನು ಮಾಡಿದರು. ಜಾತಕವನ್ನು ಮೊದಲೇ ನೋಡಿದ್ದ ರಾಮಾಂಜಿನಪ್ಪನವರಿಗೆ ಸಿಟ್ಟು ಬಂತು. ಗೌರಿಬಿದನೂರಿನಲ್ಲಿ ಮಧುಕುಮಾರ್ ತನಗೆ ತೋಚಿದ ಕಾರಣವನ್ನು ಹೇಳಿಕೊಂಡ: ಹುಡುಗಿಗೆ ರುಚಿ ತಿಳಿಯೋದಿಲ್ಲ, ನಾಲಿಗೆ ಸರಿಯಿಲ್ಲ. ಮಾತು ಬಾಯಿಂದ ಬಾಯಿಗೆ ದಾಟಿ ಶಿಡ್ಲಘಟ್ಟದ ಸ್ಟಾಫ್‌ರೂಮಿಗೆ ತಲುಪುವ ಹೊತ್ತಿಗೆ ರುಚಿ ದಾರಿಯಲ್ಲೆಲ್ಲೋ ಉದುರಿಹೋಗಿ, ಬರೀ ನಾಲಿಗೆ ಸರಿಯಿಲ್ಲ ಎಂಬುದಷ್ಟೇ ಉಳಿದಿತ್ತು. ಹಾಗೆಂದರೆ ಅರ್ಥವೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಯಿಬಡುಕಿ ಎಂದು ಹೆದರಿ ಎರಡು ಸಂಬಂಧದವರು ಮನೆಯವರೆಗೂ ಬರಲಿಲ್ಲ. ಮುನಿಲಕ್ಷ್ಮಿ ಫೋನು ಮಾಡುವುದನ್ನು ನಿಲ್ಲಿಸಿದಳು. ಅದೊಂದು ಲಾಭ ಎಂದು ಸುಬ್ಬಲಕ್ಷ್ಮಮ್ಮ ಸಮಾಧಾನ ಮಾಡಿಕೊಂಡರು.

ಮಾರನೆಯ ವರ್ಷ ನಂದಿಯಿಂದ ಒಬ್ಬ ಬಂದ. ಬೀರೇಶ್ ಎಂದು ಹೆಸರು. ದ್ರಾಕ್ಷಿ ತೋಟವಿತ್ತು, ಚಿಕ್ಕಬಳ್ಳಾಪುರದ ಸೊಸೈಟಿಯೊಂದರಲ್ಲಿ ಕೆಲಸವೂ ಇತ್ತು. ಮಹಡಿಯ ಮೇಲೆ ಹೋದೊಡನೆ ಅವನು ಸುತ್ತಿ ಬಳಸದೆ ಕೇಳಿದ: "ನಿಮಗೆ ನಾಲಿಗೆ ಸರಿಯಿಲ್ಲ ಅಂತ ಹೇಳಿದ್ರು. ಏನಾಗಿತ್ತು?"

ರಾಧಾಮಣಿ ಚಾಕೊಲೇಟ್ ಕೇಕಿನಿಂದ ಹಿಡಿದು ಎಲ್ಲ ಹೇಳಿದಳು. ಅವನು ನಡುವೆ ಬಾಯಿ ಹಾಕಲಿಲ್ಲ.

"ಸಿಂಕು ಕಟ್ಕೊಳ್ತಾ?" ಎಂದು ಕೊನೆಗೆ ಕೇಳಿದ.

"ಎರಡು ದಿನ ನೀರು ಇಳೀಲಿಲ್ಲ."

"ಕಟ್ಕೊಳ್ತದೆ. ಎಲೆ ಉಬ್ಕೊಳ್ತದಲ್ಲ."

ರಾಧಾಮಣಿ ಕೆಳಗಿಳಿದು ಬಂದು ಅಪ್ಪನಿಗೆ ಆಗಬಹುದು ಎಂದಳು. ನಂದಿಯಲ್ಲಿ ನಡೆದ ಮದುವೆಗೆ ಮುನಿಲಕ್ಷ್ಮಿಯೂ ಬಂದಿದ್ದಳು. ಎರಡು ಸಲ ಹೋಳಿಗೆ ಹಾಕಿಸಿಕೊಂಡು, ತುಪ್ಪ ಕೇಳಿ ಬಡಿಸಿಕೊಂಡು ಊಟ ಮಾಡಿ, ಗಂಡಿಗೆ ಟೇಸ್ಟ್ ಅನ್ನೋದೇ ಇಲ್ಲ ಎಂದು ಪಕ್ಕದವರಿಗೆ ಹೇಳಿ ಹೊರಟಳು.