ತೊಗಲಿನ ಒಳಮೈ

ಗುಂಡಿನ ಸದ್ದಿಗೆ ಕುದುರೆಗಳು ಬೆದರಿದವು. ಕೆಂದು ಹಸು ಕ್ಲೋವರ್ ಮುಂಗಾಲು ಮಡಚಿ, ಪ್ರಾರ್ಥನೆಗೆ ಮಂಡಿಯೂರಿದಂತೆ ಕುಸಿಯಿತು. ಟ್ಯಾಬಿತಾ ಬಂದೂಕನ್ನು ಬೇಲಿಗೆ ಒರಗಿಸಿ ಸೊಂಟದ ಚೂರಿ ತೆಗೆದಳು.

"ಅಯ್ಯೋ ತಂಗೀ, ಕೈಯಾರೆ ಹಾಲು ಕುಡ್ಸಿ ಸಾಕಿದ್ದೆಯಲ್ಲೇ!" ಎಂದ ಮುದುಕ ಗಿಡಿಯನ್. ವಸಂತದಲ್ಲಿ ಬಯಲಿನ ದನಗಳನ್ನೆಲ್ಲ ಪೌಡರ್ ನದಿಯ ದಂಡೆಗೆ ಅಟ್ಟಿ ತಂದು, ಯಾರ ದನವೆಂದು ಮೈಮೇಲಿನ ಬರೆ ನೋಡಿ ಬೇರ್ಪಡಿಸುವ ಕೂಟಕ್ಕೆ ಅವನೇ ಯಜಮಾನ.

"ಅದಕ್ಕೇ ಅಣ್ಣಾ, ಬೇರೆಯವ್ರ ಕೈಗೆ ಕೊಡ್ಲಿಲ್ಲ."

ದೊಡ್ಡ ಮಂದೆಯ ಸಾಹುಕಾರ ಹಾರ್ಲನ್ ವಾಯ್ಟ್ ಕುದುರೆಯಿಂದ ಇಳಿಯಲೂ ಇಲ್ಲ. "ನನ್ನ ಬರೆ ಇರೋ ಹಸು ಕಣ್ರಪ್ಪಾ! ಗಂಡ ಕದ್ದ, ಹೆಂಡ್ತಿ ಕೊಂದ್ಲು. ಒಳ್ಳೇ ಸಂಸಾರ!"

ಒಬ್ಬಿಬ್ಬರು ನಕ್ಕರು. ಹಸುವಿನ ತೊಡೆಯ ಮೇಲೆ ವಾಯ್ಟ್‌ನ ಪೂರ್ಣಚಂದ್ರ ದುಂಡಗೆ ಕಾಣುತ್ತಿತ್ತು. ಟ್ಯಾಬಿತಾಳ ಮನೆಯ ಬರೆ ಅರ್ಧಚಂದ್ರ. ಚಳಿಗಾಲಕ್ಕೆ ಮುಂಚೆ, ಈ ಹಸು ಅವರ ದೊಡ್ಡಿಯಲ್ಲಿ ಸಿಕ್ಕಿತೆಂದೇ ಅವಳ ಗಂಡ ಈನಸ್‌ನನ್ನು ಮರಕ್ಕೆ ನೇತುಹಾಕಿದ್ದರು. ಕಳ್ಳನೆಂದು ಹೇಳಿದವನು ವಾಯ್ಟ್, ಹಗ್ಗ ಎಳೆದವರು ಇಲ್ಲಿ ನಿಂತವರೇ. ಅಂದು ವಾಯ್ಟ್ ಹೊಡೆದುಕೊಂಡು ಹೋದ ಹಸು, ಇವತ್ತು ಅವಳ ದನಿ ಕೇಳಿ ಮಂದೆ ಸೀಳಿಕೊಂಡು ತಾನೇ ಬಂದಿತ್ತು.

ಅವಳು ತೊಗಲು ಸುಲಿದು ಒಳಮೈ ಮೇಲಾಗಿ ಹುಲ್ಲಿನ ಮೇಲೆ ಹಾಸಿದಳು. ಅಲ್ಲಿ ಅರ್ಧಚಂದ್ರವೊಂದೇ ಇತ್ತು.

"ನಮ್ಮ ಬರೆ ಒಳಗಿನ ತನಕ ಇಳ್ದಿದೆ. ಉಳಿದರ್ಧ ಆಮೇಲೆ ಒದ್ದೆ ಗೋಣಿ ಮೇಲೆ ಒತ್ತಿದ ಕಳ್ಳ ಬರೆ, ಕೂದ್ಲು ಸುಟ್ಟಿದೆ, ಅಷ್ಟೆ. ವಾಯ್ಟ್ ಸಾಹುಕಾರ್ರೇ, ಅರ್ಧಚಂದ್ರ ಹುಣ್ಣಿಮೆ ಆಗೋದು ಆಕಾಶದಲ್ಲಿ."

ಗಿಡಿಯನ್ ಬೆರಳಾಡಿಸಿ ನೋಡಿದ. ವಾಯ್ಟ್ ಕುದುರೆ ತಿರುಗಿಸುವಷ್ಟರಲ್ಲಿ ಅವನದೇ ಆಳೊಬ್ಬ ಲಗಾಮು ಹಿಡಿದು ನಿಲ್ಲಿಸಿದ. ಗಿಡಿಯನ್ ತನ್ನ ಜೀನಿನಿಂದ ಹಗ್ಗ ಬಿಚ್ಚಿದ.

"ಹಗ್ಗ ಆಮೇಲೆ," ಎಂದಳು ಟ್ಯಾಬಿತಾ. "ಮೊದ್ಲು ಊಟ."

ಬರೆ ಕಾಯಿಸುವ ಬೆಂಕಿಯ ಮೇಲೆಯೇ ಪಕ್ಕೆಲುಬು ಸುಟ್ಟಳು. ಮೊದಲ ತಗಡಿನ ತಟ್ಟೆ ವಾಯ್ಟ್‌ನದು.

"ನಿಮ್ಮನೆಗೆ ಊಟಕ್ಕೆ ಬಂದೋರು ತಾವು ಕಳ್ಕೊಂಡ ದನದ್ದೇ ರುಚಿ ನೋಡ್ತಾರೆ ಅಂತ ಊರೆಲ್ಲ ನಗುತ್ತೆ. ಇವತ್ತು ಯಾರದ್ದೂಂತ ತಿಳ್ಕೊಂಡು ತಿನ್ನಿ."

ಆಮೇಲೆ ಹಗ್ಗ ಎಳೆದವರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಬಡಿಸಿದಳು. ಗಿಡಿಯನ್‌ನ ಹೆಸರು ಕೊನೆಗೆ ಬಂತು. ಅವನು ಟೋಪಿ ತೆಗೆದು ತಟ್ಟೆ ಇಸಿದುಕೊಂಡ.

"ಈನಸ್‌ನ ಮಣ್ಣು ಮಾಡಿದ ದಿನ ಯಾರಿಗೂ ಊಟ ಹಾಕಿರ್ಲಿಲ್ಲ. ತಿನ್ನಿ, ಸಂಕೋಚ ಬೇಡ."

ಯಾರೂ ಬಾಯಿಗಿಡಲಿಲ್ಲ. ಅವಳು ನೆಲದ ಮೇಲೆ ಕುಳಿತು, ಕೈ ಒರೆಸಿಕೊಂಡು, ಕಾಯತೊಡಗಿದಳು. ನದಿಯ ಕಡೆಯಿಂದ ತಣ್ಣನೆ ಗಾಳಿ ಬೀಸಿತು. ತಟ್ಟೆಗಳಲ್ಲಿ ಕೊಬ್ಬು ನಿಧಾನಕ್ಕೆ ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು.