ಬಾಟಲಿ ತೊಳೆಯುವ ಕೆಲಸ

ಗುಂಡಿ ಹೊಲಿಯುವ ಹೆಂಗಸು ಮಕ್ಕಳ ಕೋಣೆಯ ಬಾಗಿಲಲ್ಲೇ ನಿಂತು, ಮಗಳನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ನಿದ್ದೆಗಣ್ಣಲ್ಲಿದಾಳೆ ಕಣೆ. ಅಡುಗೆ ಅಕ್ಕನೇ ಎತ್ಕೊಳ್ಳಲಿ ಬಿಡು."

ಮಗು ಕಣ್ಣರಳಿಸಿ, ಕೈ ಚಾಚಿ ನಿಂತಿದ್ದ ಆಯಾಳನ್ನೇ ನೋಡುತ್ತಿತ್ತು.

"ಒಲೆ ನೋಡ್ಲೋ, ಇವನ್ನ ನೋಡ್ಲೋ?" ಒಳಗಿನಿಂದ ಅಡುಗೆಯವಳು ಗೊಣಗುತ್ತ ಬಂದಳು. "ಹೆಚ್ಚಿನ ಕೈಗಳನ್ನೆಲ್ಲ ದೇವರು ತಾನೇ ಇಟ್ಕೊಂಡಿದಾನೆ."

ಬಟ್ಟೆ ಕಾರ್ಖಾನೆಯ ಹೆಂಗಸರು ಮಕ್ಕಳನ್ನು ಬಿಟ್ಟುಹೋಗುವ ಆ ಕೋಣೆಯಲ್ಲಿ ಯಾವ ಮಗು ಬೆನ್ನು ತಟ್ಟಿದರೆ ಮಲಗುತ್ತದೆ, ಯಾವುದು ಹಾಲು ಕುಡಿದೊಡನೆ ಕಕ್ಕುತ್ತದೆ ಎಂಬುದೆಲ್ಲ ಆಯಾಳಿಗೆ ಗೊತ್ತಿತ್ತು. ಅವಳ ಮಗು ಮಾತ್ರ ಅಲ್ಲಿ ಮಲಗಿದ್ದಿಲ್ಲ. ಅವಳಂಥ ಗುತ್ತಿಗೆಯವರ ಮಕ್ಕಳಿಗೆ ಜಾಗವಿರಲಿಲ್ಲ. ಹೋದ ತಿಂಗಳು ವಾಂತಿಭೇದಿ ಹತ್ತಿ, ಆಸ್ಪತ್ರೆ ಮುಟ್ಟುವ ಮೊದಲೇ ಅದು ಹೋಯಿತು.

ಆಮೇಲೆ ಕೇಳದವರಿಲ್ಲ. ನೀರು ಕಾಯಿಸಿದ್ದೆಯಾ? ಚುಚ್ಚುಮದ್ದು ಹಾಕಿಸಿದ್ದೆಯಾ? ಎಲ್ಲ ಮಾಡಿದ್ದಳು. ನಲ್ಲಿಯ ಹತ್ತಿರ ಒಬ್ಬಳು ಕೊಡ ಎತ್ತುತ್ತ, "ಈ ಕಾಲದಲ್ಲೂ ಮಕ್ಕಳು ಸಾಯ್ತಾವಾ?" ಎಂದಿದ್ದಳು. ನಿಜವಾಗಿಯೂ ಗೊತ್ತಿಲ್ಲದವಳಂತೆ.

"ನಾನು ಮೂರನ್ನ ಮಣ್ಣು ಮಾಡ್ದೆ," ಎಂದಿದ್ದಳು ಅತ್ತೆ. "ಆಗ ಬೀದೀಲಿ ಒಂದಾದ್ರೂ ಹೋಗದ ಮನೆ ಇರ್ಲಿಲ್ಲ. ನನ್ನ ಜೊತೆ ಕೂತೋರು ತಮ್ಮದನ್ನೂ ಸೇರಿಸಿ ಅಳೋರು. ಏನು ಕುಡಿಸ್ದೆ ಅಂತ ಒಬ್ರೂ ಕೇಳ್ಲಿಲ್ಲ. ಈಗ ಎಲ್ರವೂ ಗುಂಡುಕಲ್ಲಿನ ಹಾಗಿವೆ. ನಿಂದೊಂದೇ ಹೋಯ್ತು. ಅಳೋಕೂ ಜೊತೆ ಇಲ್ಲವಲ್ಲೇ ನಿಂಗೆ."

"ಸಾಕು, ಸುಮ್ನಿರಿ ಅತ್ತೆ."

ಆ ಬೆಳಿಗ್ಗೆ ಹತ್ತು ಗಂಟೆಗೆ ಮಕ್ಕಳ ಕೋಣೆಯ ಉಸ್ತುವಾರಿ ಮೇಡಂ ಆಯಾಳನ್ನು ಕರೆದರು.

"ತಪ್ಪು ತಿಳ್ಕೋಬೇಡ. ನಿನ್ನ ಕೈಗೆ ಮಕ್ಕಳನ್ನ ಕೊಡೋಕೆ ತಾಯಂದಿರು ಒಂಥರಾ ಮಾಡ್ತಿದಾರೆ. ಇವತ್ತಿಂದ ಬಾಟಲಿ ತೊಳಿ, ದುಪ್ಪಟಿ ಒಗಿ. ಸಂಬಳ ಏನೂ ಕಡಿಮೆಯಾಗಲ್ಲ."

"ನನ್ನ ಕೈಯಿಂದ ಇದುವರೆಗೆ ಒಂದು ಮಗೂನೂ ಜಾರಿಲ್ಲ ಮೇಡಂ."

"ನಂಗೆ ಗೊತ್ತಮ್ಮ."

"ಹಾಗಾದ್ರೆ ಅವರಿಗೆ ಹೇಳಿ."

ಮೇಡಂ ಫ್ಯಾನಿನ ವೇಗ ಹೆಚ್ಚಿಸಿದರು. "ಯಾವತ್ತು ಬೇಕೋ ಅವತ್ತು ಮಕ್ಕಳ ಕಡೆ ಹಾಕ್ತೀನಿ," ಎಂದರು. ಯಾರಿಗೆ ಬೇಕಾದಾಗ ಎಂದು ಅವಳು ಕೇಳಲಿಲ್ಲ.

ಮಧ್ಯಾಹ್ನ ಬಚ್ಚಲಲ್ಲಿ ಕೂತು ಬಾಟಲಿಯೊಳಗೆ ಬ್ರಷ್ ತಿರುಗಿಸುತ್ತಿದ್ದಳು. ಒಳಗೆ ಏನೋ ಧೊಪ್ಪೆಂದಿತು, ಹಿಂದೆಯೇ ಅಳು. ಈಚೆಗೆ ನಡಿಗೆ ಕಲಿತ ಒಂದು ಮಗು ಗೋಡೆ ಹಿಡಿದು ಬಂದು ಅವಳ ಎದುರು ನಿಂತಿತು. ಹಣೆಯ ಮೇಲೆ ಆಗಲೇ ಬುಗುಟೆ ಎದ್ದಿತ್ತು. ಎತ್ತಿಕೋ ಎಂದು ಎರಡೂ ಕೈ ಮೇಲೆ ಮಾಡಿತು.

"ಅಕ್ಕಾ," ಆಯಾ ಕೂಗಿದಳು, "ಮಗು ಅಳ್ತಿದೆ."

"ಬಂದೆ ತಡಿ, ಹಾಲು ಉಕ್ತಿದೆ!"

ಮಗು ಇನ್ನೂ ಹತ್ತಿರ ಬಂದು ಅವಳ ಮೊಣಕಾಲಿಗೆ ಒರಗಿತು. ಅವಳು ನೊರೆಗೈಗಳನ್ನು ಅದಕ್ಕೆ ತಾಗದಂತೆ ಮೇಲೆತ್ತಿ ಹಿಡಿದಳು. ನೊರೆ ಮೆಲ್ಲಗೆ ಮೊಣಕೈವರೆಗೆ ಇಳಿಯಿತು.