ಆರು ಸಲ ಆರಿದೆ

ಒಂದು ಅಂಗಡಿಯ ಬಾಗಿಲು ಹಾಕಲು ಏನು ಮಹಾ ಬೇಕು? ಶಟರ್ ಎಳೆಯಲು ಎರಡು ಕೈ, ಬೀಗ ಒತ್ತಲು ಒಂದು ಹೆಬ್ಬೆರಳು, ಅರ್ಧ ನಿಮಿಷ. ಕತ್ತರಿಯಕ್ಕನಿಗೆ ಮಾತ್ರ ಆ ವರ್ಷ ಅದು ದುಬಾರಿಯಾಗಿಬಿಟ್ಟಿತ್ತು. ಮಹಡಿಯ ಮೆಟ್ಟಿಲು ಇಪ್ಪತ್ತೆರಡು. ಹತ್ತಿ ಇಳಿದರೆ ನಲವತ್ತನಾಲ್ಕು. ಆರು ಸಲಕ್ಕೆ ಇನ್ನೂರ ಅರವತ್ತನಾಲ್ಕು. ಅದರ ಮೇಲೆ ತಪ್ಪಿಹೋದ ಎರಡು ಬಸ್ಸು, ಮೊಣಕಾಲಿಗೆ ಹಚ್ಚುವ ಮುಲಾಮು, ಮನೆಯಲ್ಲಿ ಗಂಡನ ಸೊಟ್ಟ ಮುಖ. ಇಷ್ಟೆಲ್ಲ ತೆತ್ತು ಅವಳು ದಿನಾ ಸಂಜೆ ಗೆಳತಿಗೆ ಕೊಡುತ್ತಿದ್ದದ್ದು ಒಂದೇ ಒಂದು ಮಾತು: ‘ಆರಿದೆ.’

ಅದು ಹೊಲಿಗೆ ಅಂಗಡಿ. ಬಟ್ಟೆ ಕತ್ತರಿಸುವುದು, ಹೊಲಿಯುವುದು ಕತ್ತರಿಯಕ್ಕನ ಕೆಲಸ. ಮಾತನ್ನೂ ಹಾಗೇ ಕತ್ತರಿಸುತ್ತಾಳೆಂದು ಗಿರಾಕಿಗಳು ಇಟ್ಟ ಹೆಸರು ಅದು. ಗುಂಡಿ, ಕಾಜಾ, ಇಸ್ತ್ರಿ ಎಲ್ಲ ಪುಟ್ಟಿಯದು. ಐವತ್ತು ದಾಟಿದರೂ ಅವಳು ಪುಟ್ಟಿಯೇ, ಏಕೆಂದರೆ ಶಾಲೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂತವಳಿಗೆ ಕತ್ತರಿಯಕ್ಕ ಇಟ್ಟ ಆ ಹೆಸರು ಆಮೇಲೆ ಬದಲಾಗಲೇ ಇಲ್ಲ. ಪುಟ್ಟಿ ಇಸ್ತ್ರಿ ಮಾಡಿದ ಕಾಲರು ವಾರವಾದರೂ ಬಾಗುತ್ತಿರಲಿಲ್ಲ. ಕೈಯ ಕೆಲಸವನ್ನು ಅವಳು ಕಲಿತದ್ದು ಅಪ್ಪನಿಂದ, ಇದ್ದಿಲು ತುಂಬುವ ಹಿತ್ತಾಳೆ ಪೆಟ್ಟಿಗೆಯಲ್ಲಿ. ಕೆಲಸ ಮುಗಿದ ಮೇಲೆ ಅಪ್ಪ ದಿನಾ ಕೇಳುತ್ತಿದ್ದರಂತೆ, “ಕೆಂಡ ಆರಿದೆಯೇನಮ್ಮಾ?” ಪೆಟ್ಟಿಗೆ ಕರೆಂಟಿನದಾಯಿತು, ಅಪ್ಪ ಹೋದರು, ಪ್ರಶ್ನೆ ಉಳಿಯಿತು.

ಎಂದಾದರೂ ಬೆಂಕಿ ಬಿದ್ದಿತ್ತೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಒಂದು ಕರವಸ್ತ್ರ ಕೂಡ ಸುಟ್ಟಿರಲಿಲ್ಲ. ಸುಟ್ಟಿದ್ದರೆ ಹೆದರಿಕೆಗೊಂದು ಕಾರಣ ಸಿಗುತ್ತಿತ್ತು, ಅದನ್ನು ಹಿಡಿದು ಬಯ್ಯಬಹುದಿತ್ತು. ಕಾರಣವಿಲ್ಲದ ಹೆದರಿಕೆಗೆ ಜುಟ್ಟೂ ಇಲ್ಲ, ಜುಬ್ಬವೂ ಇಲ್ಲ. ಎಲ್ಲಿ ಹಿಡಿಯುವುದು?

ಮೊದಮೊದಲು ಪುಟ್ಟಿ ಕೆಳಗಿಳಿದ ಮೇಲೆ ಒಮ್ಮೆ ಕೇಳುತ್ತಿದ್ದಳು. “ಆರಿದೆಯಾ?” “ಆರಿದೆ.” ಮುಗಿಯಿತು. ಆಮೇಲೆ ಎರಡು ಸಲವಾಯಿತು.

“ನೀನೇ ಹೋಗಿ ನೋಡಬಾರ್ದೇನೇ?” ಎಂದರೆ, “ನನ್ನ ಕಣ್ಣು ನಾನು ನಂಬಲ್ಲ ಕಣೇ. ನಿನ್ನ ಬಾಯಿ ನಂಬ್ತೀನಿ” ಎನ್ನುತ್ತಿದ್ದಳು. ಅಂಥ ಮಾತು ಕೇಳಿದ ಮೇಲೆ ಯಾರ ಮೊಣಕಾಲು ತಾನೇ ಇಲ್ಲ ಅಂದೀತು?

ತಪ್ಪು ನಡೆದದ್ದು ಒಂದು ಮಂಗಳವಾರ. ಮೂರನೇ ಸಲ ಕೇಳಿದಾಗ ಕತ್ತರಿಯಕ್ಕನಿಗೆ ರೇಗಿತು, ನಗುವೂ ಬಂತು. “ಆರಿದೆ ಕಣೇ ಮಹಾತಾಯಿ! ಆರು ಅಂದ್ರೆ ಆರು ಸಲ ಆರಿದೆ! ಸಾಕಾ?”

ಪುಟ್ಟಿಯೂ ನಕ್ಕಳು. ಇಬ್ಬರೂ ನಗುತ್ತಲೇ ಬಸ್ಸು ಹತ್ತಿದರು. ಮರುದಿನ ಸಂಜೆ ಪುಟ್ಟಿ ಕೈಚೀಲದ ಹಿಡಿಯನ್ನು ಹಿಂಡುತ್ತಾ ನಿಂತು ಹೇಳಿದಳು, “ನಿನ್ನೆ ನೀನು ಹೇಳಿದ್ದು ಸರಿ. ಆರು ಸಲ ಆಗ್ಬೇಕು. ಅದಕ್ಕಿಂತ ಕಮ್ಮಿ ಆದ್ರೆ ಅದು ಆರಿರಲ್ಲ.”

ಈ ಸಲ ಅವಳು ನಗುತ್ತಿರಲಿಲ್ಲ.

ಬಾಯಿಂದ ಜಾರಿದ ತಮಾಷೆ ಶಾಸನವಾಯಿತು. ದಿನಾ ಆರು ಸಲ ಹತ್ತುವುದು, ಆರು ಸಲ ಬೀಗ ತೆಗೆಯುವುದು, ಪ್ಲಗ್ಗು ಮುಟ್ಟುವುದು, ಕೆಳಗಿಳಿದು ಹೇಳುವುದು. ಕೆಳಗಿನ ಮಳಿಗೆಯಲ್ಲಿ ಗಡಿಯಾರ ರಿಪೇರಿ ಮಾಡುವ ತಾತ ಕಣ್ಣಿಗಿಟ್ಟ ಬಿಲ್ಲೆಗಾಜಿನ ಸಂದಿಯಿಂದ ನೋಡಿ, “ಗಂಟೆ ಆರಾಯ್ತು. ನಿಮ್ಮ ಪೆಟ್ಟಿಗೆ ಆರಾಯ್ತಾ?” ಎಂದು ರೇಗಿಸುತ್ತಿದ್ದ. ಕತ್ತರಿಯಕ್ಕನಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು. ಆರು ಎಂಬ ಸಂಖ್ಯೆಯನ್ನು ಪುಟ್ಟಿಯ ತಲೆಯೊಳಗೆ ನೆಟ್ಟವಳು ತಾನೇ ಅಲ್ಲವೇ?

ಚಳಿ ಶುರುವಾದಾಗ ಮೊಣಕಾಲು ಊದಿತು. ಆಗ ಕತ್ತರಿಯಕ್ಕ ಒಂದು ಜಾಣತನ ಮಾಡಿದಳು. ಮೆಟ್ಟಿಲು ತಿರುಗುವಲ್ಲಿ, ಕೆಳಗಿನವರಿಗೆ ಕಾಣದ ಕಡೆ, ಗೋಡೆಗೆ ಒರಗಿ ಕೂತಳು. ಬೀಗದ ಕೈ ಗೊಂಚಲನ್ನು ಜಣಜಣ ಆಡಿಸಿದಳು. ಒಂದಿಷ್ಟು ಹೊತ್ತು ಬಿಟ್ಟು “ಆರಿದೆ” ಎಂದು ಕೂಗಿದಳು. ಹೀಗೆ ಆರು ಸಲ. ಪುಟ್ಟಿ ನೆಮ್ಮದಿಯಾಗಿ ಮನೆಗೆ ಹೋದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಕತ್ತರಿಯಕ್ಕ ವಾರವಿಡೀ ಅದನ್ನೇ ಮಾಡಿದಳು.

ಏಳನೇ ದಿನ ಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಾಗ ವಾಸನೆ ಬಂತು. ಉಣ್ಣೆ ಕರಟುವ ವಾಸನೆ.

“ಏನೋ ಸುಡ್ತಿದೆ ರೀ.”

“ನಿನ್ನ ತಲೆ” ಎಂದ ಗಂಡ.

ಒಲೆ ನೋಡಿದಳು, ಹಚ್ಚಿರಲಿಲ್ಲ. ಕಿಟಕಿ ತೆರೆದಳು, ಹೊರಗೆ ಬರೀ ತಂಪು ಗಾಳಿ. ವಾಸನೆ ಮೂಗಿನೊಳಗೇ ಇತ್ತು. ಇವತ್ತು ಪ್ಲಗ್ಗು ಕಿತ್ತದ್ದು ಯಾರು? ಪುಟ್ಟಿಯೋ, ತಾನೋ? ವಾರದಿಂದ ಯಾರೂ ನೋಡಿಲ್ಲವಲ್ಲ!

ಮರುದಿನ ಬೆಳಗಿನ ಮೊದಲ ಬಸ್ಸಿಗೇ ಹೋದಳು. ಪೆಟ್ಟಿಗೆ ತನ್ನ ಜಾಗದಲ್ಲಿ ಸಾಧುವಾಗಿ ಕೂತಿತ್ತು. ಪ್ಲಗ್ಗು ನೇತಾಡುತ್ತಿತ್ತು. ತಳ ಮುಟ್ಟಿದಳು, ಕಲ್ಲಿನಷ್ಟು ತಣ್ಣಗೆ. ಉಸಿರು ಬಿಟ್ಟು, ಟೀ ಕುಡಿದು ಬರೋಣವೆಂದು ಬೀಗ ಹಾಕಿ ನಾಲ್ಕು ಮೆಟ್ಟಿಲಿಳಿದಳು. ನಿಜವಾಗಿ ತಣ್ಣಗಿತ್ತೇ, ಅಥವಾ ತನ್ನ ಕೈಯೇ ತಣ್ಣಗಿತ್ತೇ? ಮತ್ತೆ ಹತ್ತಿದಳು. ಮತ್ತೆ ಇಳಿದಳು. ಕೊನೆಗೊಮ್ಮೆ ಕೆಳಗೆ ಬಂದಾಗ ಗಡಿಯಾರದ ತಾತ ತೆರೆದ ಮಳಿಗೆಯಲ್ಲಿ ಕೂತು ಅವಳ ಹೆಜ್ಜೆ ಕೇಳಿಸಿಕೊಳ್ಳುತ್ತಿದ್ದ.

“ಏನಮ್ಮಾ ಕತ್ತರಿ, ನಿನಗೂ ಅಂಟ್ಕೊಳ್ತಾ? ಆರು ಸಲ ಹತ್ತಿ ಇಳಿದೆಯಲ್ಲ.”

ಅವಳು ಎಣಿಸಿರಲಿಲ್ಲ. ಕಾಲು ಎಣಿಸಿತ್ತು. ಪುಟ್ಟಿ ಇಷ್ಟು ದಿನ ಎಂಥ ಮನೆಯೊಳಗೆ ಒಬ್ಬಳೇ ಇದ್ದಳೆಂಬುದು ಅವಳಿಗೆ ಆಗ ಗೊತ್ತಾಯಿತು. ಹೊರಗಿನಿಂದ ನೋಡಿ ಮರುಗುವುದು ಬೇರೆ, ಹೊಸ್ತಿಲು ದಾಟಿ ನೋಡುವುದು ಬೇರೆ.

ಅಂದೇ ಪುಟ್ಟಿಗೆ ನಿಜ ಹೇಳಿದಳು. “ವಾರದಿಂದ ನಾನು ಮೇಲೆ ಹೋಗೇ ಇಲ್ಲ ಕಣೇ. ಅರ್ಧದಲ್ಲಿ ಕೂತು ಸುಳ್ಳು ಹೇಳ್ತಿದ್ದೆ.”

ಪುಟ್ಟಿ ಬಯ್ಯಲಿಲ್ಲ. ಕೈಯಲ್ಲಿದ್ದ ಅಂಗಿಯನ್ನು ಮಡಿಸಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಅವಳ ಅತ್ತಿಗೆ ಫೋನು ಮಾಡಿದಳು. “ಇನ್ನು ಕೆಲಸ ಗಿಲಸ ಬೇಡ, ಮನೇಲೇ ಬಿದ್ದಿರ್ಲಿ ಅಂತ ಇವಳ ಅಣ್ಣ ಹೇಳ್ತಿದ್ದಾರೆ.”

ಪುಟ್ಟಿ ಇದ್ದ ಅಣ್ಣನ ಮನೆ ಕತ್ತರಿಯಕ್ಕನಿಗೆ ಗೊತ್ತಿತ್ತು. ಮನೆಯಲ್ಲಿ ಒಲೆಯಿತ್ತು, ನಲ್ಲಿಯಿತ್ತು, ಹನ್ನೊಂದು ಕಿಟಕಿಗಳಿದ್ದವು. ಅಂಗಡಿಯಲ್ಲಿ ಪುಟ್ಟಿಗೆ ಹೆದರಿಕೆ ದಿನಕ್ಕೊಂದು ಗಂಟೆ. ಮನೆಯಲ್ಲಿ ಕೂತರೆ ಇಡೀ ದಿನ ಅದರದೇ ರಾಜ್ಯ. ಅಂಗಡಿ ತಪ್ಪಿದರೆ ಪುಟ್ಟಿ ತಪ್ಪಿಹೋದಳೆಂದೇ ಲೆಕ್ಕ.

ಹೋಗಿ ನೋಡಿದರೆ ಪುಟ್ಟಿ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಒಲೆಯನ್ನು ಕಾಯುತ್ತಿದ್ದಳು.

“ನಂಬೋಕೆ ನಿನ್ನ ಬಾಯಿ ಒಂದಿತ್ತು” ಎಂದಳು ತಿರುಗದೆ. “ಅದೂ ಹೋಯ್ತು.”

“ಹೋಯ್ತು. ಒಪ್ಕೊಂಡೆ. ಆದ್ರೆ ವಾರಪೂರ್ತಿ ಯಾರೂ ನೋಡ್ಲಿಲ್ಲ. ಅಂಗಡಿ ಸುಟ್ಟುಹೋಯ್ತಾ?”

“ಸುಡಲಿಲ್ಲ. ನಾಳೆ ಸುಡಬಹುದಲ್ಲ.”

ಕತ್ತರಿಯಕ್ಕ ಸ್ಟೂಲಿನ ಪಕ್ಕಕ್ಕೆ ಬಂದು, “ನನಗೂ ವಾಸನೆ ಬರೋಕೆ ಶುರುವಾಗಿದೆ ಕಣೇ” ಎಂದಳು. ಪುಟ್ಟಿ ಆಗ ತಿರುಗಿ ನೋಡಿದಳು.

ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋದರು. ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು, ತಾಳ್ಮೆಯಲ್ಲಿ ದೊಡ್ಡವಳು. ಪುಟ್ಟಿಗೆ ಮಾತ್ರೆ ಬರೆದಳು, ವಾರವಾರ ಬರಹೇಳಿದಳು. ಎಲ್ಲ ಕೇಳಿಸಿಕೊಂಡು ಕತ್ತರಿಯಕ್ಕನ ಕಡೆ ತಿರುಗಿ, “ನೀವು ಪ್ರೀತಿಯಿಂದಲೇ ಉತ್ತರ ಕೊಡ್ತಿದ್ರಿ. ಆದ್ರೆ ಆ ಉತ್ತರ ಇವರ ಹೊಟ್ಟೆಗೆ ಹೋಗ್ತಿರ್ಲಿಲ್ಲ. ಇವರ ಭಯದ ಹೊಟ್ಟೆಗೆ ಹೋಗ್ತಿತ್ತು” ಎಂದಳು. ವರ್ಷವಿಡೀ ಮೆಟ್ಟಿಲು ಹತ್ತಿ ತಾನು ಸಾಕಿದ್ದು ಯಾರನ್ನು ಎಂದು ತಿಳಿದು ಕತ್ತರಿಯಕ್ಕ ತಲೆ ತಗ್ಗಿಸಿದಳು.

ಮೂವರೂ ಕೂತು ಕರಾರು ಮಾಡಿಕೊಂಡರು. ಪ್ಲಗ್ಗು ಕೀಳುವುದು ಪುಟ್ಟಿ, ಒಂದೇ ಸಲ. ಮತ್ತೆ ಹತ್ತಿ ನೋಡುವಂತಿಲ್ಲ. ಆರು ಉತ್ತರ ಐದಾಗಬೇಕು, ಐದು ನಾಲ್ಕಾಗಬೇಕು. ಕೊನೆಗೆ ಒಂದೂ ಇಲ್ಲ. ಆಗ ಏನು ಹೇಳಬೇಕೆಂದು ಪುಟ್ಟಿಯೇ ಬರೆದುಕೊಟ್ಟಳು: ‘ಗೊತ್ತಿಲ್ಲ ಕಣೇ. ಬಾ, ಹೋಗೋಣ.’

“ನಾನು ಅತ್ತು ಬೇಡಿದ್ರೂ ಇಷ್ಟೇ ಹೇಳು” ಎಂದಳು. “ಬೇಡ್ತೀನಿ, ನೋಡ್ತಿರು.”

ಆರರಿಂದ ಒಂದಕ್ಕೆ ಇಳಿಯಲು ಐದು ತಿಂಗಳಾಯಿತು. ಒಂದರಿಂದ ಸೊನ್ನೆಗೆ ಇಳಿಯುವ ಸಂಜೆ ಪುಟ್ಟಿ ಪ್ಲಗ್ಗು ಕಿತ್ತಳು, ಕತ್ತರಿಯಕ್ಕ ಶಟರ್ ಎಳೆದಳು, ಇಬ್ಬರೂ ಕೊನೆಯ ಮೆಟ್ಟಿಲಿಗೆ ಬಂದರು.

“ಆರಿದೆಯಾ?”

“ಗೊತ್ತಿಲ್ಲ ಕಣೇ. ಬಾ, ಹೋಗೋಣ.”

ಪುಟ್ಟಿ ಅಲ್ಲೇ ಕುಸಿದು ಕೂತಳು. “ಒಂದೇ ಒಂದು ಸಲ ಹೇಳೇ. ನಾಳೆಯಿಂದ ಕೇಳಲ್ಲ.”

“ಗೊತ್ತಿಲ್ಲ ಕಣೇ.”

“ಸುಳ್ಳಾದ್ರೂ ಹೇಳೇ! ಸುಳ್ಳು ಹೇಳೋದು ನಿನಗೇನು ಹೊಸದಾ?”

ಅದು ನಾಟಿತು. ಕತ್ತರಿಯಕ್ಕ ಅವಳ ಪಕ್ಕದಲ್ಲೇ ಕೂತಳು. ಬಾಯಿ ಬಿಟ್ಟರೆ ಆ ಮಾತು ತಾನಾಗಿ ಬಂದುಬಿಡುತ್ತದೆಂದು ಸೆರಗಿನ ತುದಿ ಕಚ್ಚಿ ಹಿಡಿದಳು. ಮೊದಲ ಬಸ್ಸು ಹೋಯಿತು. ಹಿಂದೆ, ಇಪ್ಪತ್ತೆರಡು ಮೆಟ್ಟಿಲ ಮೇಲೆ, ಮುಚ್ಚಿದ ಶಟರಿನ ಒಳಗಿನಿಂದ ಯಾರೋ ಉಸಿರಾಡುತ್ತಿದ್ದಂತಿತ್ತು. ಉಣ್ಣೆ ಕರಟುವ ವಾಸನೆ ಮೆಲ್ಲಗೆ ಮೆಟ್ಟಿಲಿಳಿದು ಬಂದು ಇಬ್ಬರ ನಡುವೆ ಕೂತಿತು. ಪುಟ್ಟಿಗೂ ಬಂತೇ? ಕೇಳುವಂತಿಲ್ಲ. ಹತ್ತಿ ನೋಡುವಂತಿಲ್ಲ. ಗಡಿಯಾರದ ತಾತ ಬಾಗಿಲಿಗೆ ಬಂದು, ಏನೋ ಹೇಳಲು ಹೊರಟವನು ಇಬ್ಬರ ಮುಖ ನೋಡಿ ಸದ್ದಿಲ್ಲದೆ ಒಳಗೆ ಹೋದ. ಎರಡನೇ ಬಸ್ಸೂ ಹೋಯಿತು. ಪುಟ್ಟಿ ಕತ್ತರಿಯಕ್ಕನ ಮುಂಗೈ ಹಿಡಿದಿದ್ದಳು, ಉಗುರು ಚರ್ಮಕ್ಕೆ ಇಳಿದಿತ್ತು.

ಎಷ್ಟೋ ಹೊತ್ತಿನ ಮೇಲೆ ಆ ಹಿಡಿತ ಸಡಿಲವಾಯಿತು. ಪುಟ್ಟಿ ಮೂಗೊರೆಸಿಕೊಂಡು ಎದ್ದಳು.

“ಏಳೇ ಮುದುಕಿ. ಮೂರನೇದೂ ಹೋದ್ರೆ ನಿನ್ನ ಗಂಡ ನನ್ನ ಜನ್ಮ ಜಾಲಾಡ್ತಾನೆ.”

ಬೆಳಿಗ್ಗೆ ಅಂಗಡಿ ಅಲ್ಲೇ ಇತ್ತು. ಶಟರ್ ಎತ್ತಿದ ಪುಟ್ಟಿ ನೇರವಾಗಿ ಹೋಗಿ, ಹೊಸ ಕೋಟಿನ ತೋಳು ಹರಡಿ, ನೀರು ಚಿಮುಕಿಸತೊಡಗಿದಳು. ಕತ್ತರಿಯಕ್ಕ ಬಾಗಿಲಲ್ಲೇ ನಿಂತಿದ್ದಳು. ಹಿಂದಿನ ಸಂಜೆಯ ವಾಸನೆ ಇನ್ನೂ ಮೂಗು ಬಿಟ್ಟಿರಲಿಲ್ಲ. ತಡೆಯುವಷ್ಟರಲ್ಲಿ ಬಾಯಿಂದ ಜಾರಿತು:

“ಪುಟ್ಟೀ, ಆರಿದೆಯಾ?”

ಪುಟ್ಟಿಯ ಕೈ ನಿಂತಿತು. ಆಮೇಲೆ, ಹಟ ಹಿಡಿದ ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದಳು, “ಗೊತ್ತಿಲ್ಲ ಕಣೇ. ಬಾ, ಕೆಲಸ ಮಾಡೋಣ.”

ಕತ್ತರಿಯಕ್ಕ ಒಳಗೆ ಬಂದು ಕತ್ತರಿ ಹಿಡಿದಳು. ಆ ವಾರದಿಂದ ಡಾಕ್ಟರಮ್ಮನ ಕೋಣೆಯಲ್ಲಿ ಅವಳಿಗೂ ಒಂದು ಕುರ್ಚಿಯಾಯಿತು.

ಈಗ ಅಂಗಡಿ ಮುಚ್ಚಲು ಇಪ್ಪತ್ತೆರಡು ಮೆಟ್ಟಿಲು ಸಾಕು. ಕೆಲವು ಸಂಜೆ ಪುಟ್ಟಿ ಕೊನೆಯ ಮೆಟ್ಟಿಲಲ್ಲಿ ನಿಲ್ಲುತ್ತಾಳೆ, ಕೆಲವು ಸಂಜೆ ಕತ್ತರಿಯಕ್ಕ ನಿಲ್ಲುತ್ತಾಳೆ. ನಿಲ್ಲದವಳು ಕಾಯುತ್ತಾಳೆ. ಮನೆಯಲ್ಲಿ ಗಂಡ ಟೀ ಆರಿತೇ ಎಂದು ಕೇಳಿದರೆ ಕತ್ತರಿಯಕ್ಕ “ತಣ್ಣಗಾಗಿದೆ” ಎನ್ನುತ್ತಾಳೆ. ಹಗ್ಗದ ಮೇಲಿನ ಬಟ್ಟೆ ಅವಳ ಬಾಯಲ್ಲಿ ‘ಒಣಗಿದೆ’. ಪುಟ್ಟಿಗೆ ಅಂಗಡಿ ಉಳಿಯಿತು. ಕತ್ತರಿಯಕ್ಕನಿಗೆ ಪುಟ್ಟಿ ಉಳಿದಳು, ಒಂದು ಮಾತು ಹೋಯಿತು.